ಎಂಜಿನ್‌ಎಕ್ಸ್ 1.18 ರಿಂದ 1.28ಕ್ಕೆ: ರಿವರ್ಸ್ ಪ್ರಾಕ್ಸಿ ಹೊಸ ಆವೃತ್ತಿಗೆ ದಾಟಿಸುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿದ್ದುಕೊಂಡು ಸುತ್ತಮುತ್ತಲಿನ ಕೆಲವು ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಪತ್ತಿನ ಸಹಕಾರಿ ಸಂಘ, ಒಂದು ಕಾಲೇಜು, ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಎಲ್ಲ ಕಡೆಯೂ ಬಾಗಿಲಲ್ಲಿ ಕೂತಿರುವುದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ. ಹೊರಗಿನಿಂದ ಬಂದ ವಿನಂತಿಯನ್ನು ಅದೇ ಮೊದಲು ಕೈಗೆ ತೆಗೆದುಕೊಂಡು, ಒಳಗಿನ ಯಾವ ಅಪ್ಲಿಕೇಶನ್‌ಗೆ ಮುಟ್ಟಿಸಬೇಕೋ ಅಲ್ಲಿಗೆ ಮುಟ್ಟಿಸಿ, ಉತ್ತರವನ್ನು ಮರಳಿ ಒಯ್ದು ಕೊಡುತ್ತದೆ. ರಿವರ್ಸ್ ಪ್ರಾಕ್ಸಿ ಎಂದರೆ ಇಷ್ಟೇ.

ಈ ಸರ್ವರುಗಳ ಲಿನಕ್ಸ್ ಕಾರ್ಯವ್ಯವಸ್ಥೆಯಾದ ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಅದರ ಜೊತೆ ಬಂದಿದ್ದ ಎಂಜಿನ್‌ಎಕ್ಸ್ 1.18, 2020ರದ್ದು. ನಮ್ಮ ಭಾಗದಲ್ಲಿ ಈ ಜೋಡಿ ಇನ್ನೂ ಬಹಳ ಕಡೆ ಓಡುತ್ತಿದೆ. ಅದನ್ನು 1.28ಕ್ಕೆ ದಾಟಿಸುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಆದೇಶಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಎರಡು ಮೂರು ಪದ ಸೇರಿದ ಹೆಸರಾದರೆ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಯಾವ ಆವೃತ್ತಿಗೆ ಹೋಗುತ್ತೀರಿ?

ಎಂಜಿನ್‌ಎಕ್ಸ್ ಆವೃತ್ತಿಯ ನಡುವಿನ ಅಂಕಿ ಸಮಸಂಖ್ಯೆಯಾಗಿದ್ದರೆ ಅದು ಸ್ಟೇಬಲ್, ಬೆಸಸಂಖ್ಯೆಯಾಗಿದ್ದರೆ ಮೇನ್‌ಲೈನ್. 1.24, 1.26, 1.28 ಸ್ಟೇಬಲ್, 1.25, 1.27 ಮೇನ್‌ಲೈನ್. ಮೇನ್‌ಲೈನ್‌ನಲ್ಲಿ ವರ್ಷವಿಡೀ ಆದ ಬದಲಾವಣೆಗಳು ಒಟ್ಟಾಗಿ ಮುಂದಿನ ಸ್ಟೇಬಲ್‌ಗೆ ಬರುತ್ತವೆ. ಹಾಗಾಗಿ 1.18 ರಿಂದ 1.28ಕ್ಕೆ ಹಾರುವವರು ಐದು ವರ್ಷದ ಬದಲಾವಣೆಗಳನ್ನು ಒಂದೇ ರಾತ್ರಿಯಲ್ಲಿ ಮೈಮೇಲೆ ಎಳೆದುಕೊಳ್ಳುತ್ತಾರೆ.

ಡಿಸ್ಟ್ರೋ, ಅಂದರೆ ನಿಮ್ಮ ಲಿನಕ್ಸ್ ವಿತರಣೆ, ಯಾವ ಆವೃತ್ತಿ ಕೊಡುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಉಬುಂಟು 22.04ರಲ್ಲಿ ಇರುವುದೂ 1.18, ಅಂದರೆ 20.04 ರಿಂದ 22.04ಕ್ಕೆ ಹೋದರೆ ಪ್ರಾಕ್ಸಿಯ ಆವೃತ್ತಿ ಕದಲುವುದಿಲ್ಲ. ಉಬುಂಟು 24.04ರಲ್ಲಿ 1.24, ಡೆಬಿಯನ್ 12ರಲ್ಲಿ 1.22, ಡೆಬಿಯನ್ 13ರಲ್ಲಿ 1.26. ಇವುಗಳಲ್ಲಿ 1.28 ಬೇಕೆಂದರೆ ಎಂಜಿನ್‌ಎಕ್ಸ್‌ನವರದೇ ಪ್ಯಾಕೇಜ್ ಭಂಡಾರವನ್ನು ಸೇರಿಸಿಕೊಳ್ಳಬೇಕು. ಇದನ್ನು ಮೊದಲೇ ತೀರ್ಮಾನಿಸಿ. ಯಾಕೆಂದರೆ 1.24ರಲ್ಲಿ ನಡೆಯುವ ಕೆಲವು ಸಾಲು 1.28ರಲ್ಲಿ ನಿಲ್ಲುತ್ತವೆ, 1.28ಕ್ಕೆಂದು ಬರೆದ ಕೆಲವು ಸಾಲನ್ನು 1.24 ಗುರುತಿಸುವುದೇ ಇಲ್ಲ.

ಇದ್ದದ್ದನ್ನೆಲ್ಲ ಹೊರಗೆ ತೆಗೆದು ನೋಡಿ

ಹಳೆ ಸರ್ವರಿನಲ್ಲಿ ಎಂಜಿನ್‌ಎಕ್ಸ್ ಆದೇಶಕ್ಕೆ ಡ್ಯಾಶ್ ಹಾಕಿ ದೊಡ್ಡ ವಿ ಕೊಡಿ. ಆವೃತ್ತಿ, ಅದನ್ನು ಕಟ್ಟಲು ಬಳಸಿದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶ, ಸೇರಿಸಿರುವ ಮಾಡ್ಯೂಲುಗಳು, ಎಲ್ಲವೂ ಬರುತ್ತವೆ. ಆಮೇಲೆ ಡ್ಯಾಶ್ ದೊಡ್ಡ ಟಿ ಕೊಡಿ. ಸಣ್ಣ ಟಿ ಬರೀ ಪರೀಕ್ಷೆ ಮಾಡುತ್ತದೆ. ದೊಡ್ಡ ಟಿ ಪರೀಕ್ಷೆಯ ಜೊತೆಗೆ, ಎಲ್ಲ ಇನ್‌ಕ್ಲೂಡ್ ಫೈಲುಗಳನ್ನೂ ಸೇರಿಸಿ ಇಡೀ ಕಾನ್ಫಿಗರೇಶನ್ ಅನ್ನು ಒಂದೇ ಉದ್ದಕ್ಕೆ ಮುದ್ರಿಸುತ್ತದೆ. ಅದನ್ನು ಒಂದು ಫೈಲಿಗೆ ಇಳಿಸಿ, ದಿನಾಂಕ ಹಾಕಿ ಇಡಿ. ಬದಲಾವಣೆಗಳ ಲೆಕ್ಕವಿಡುವ ಗಿಟ್‌ಗೆ ಇಡೀ ಫೋಲ್ಡರನ್ನು ಹಾಕಿದರೆ ಇನ್ನೂ ಒಳ್ಳೆಯದು.

ಈ ಮುದ್ರಿತ ಪ್ರತಿಯನ್ನು ಕೂತು ಓದಿ. ಇದನ್ನು ಒತ್ತಿ ಹೇಳುತ್ತೇನೆ: ಪ್ರತಿ ಸಾಲು ಅಲ್ಲಿ ಯಾಕಿದೆ ಎಂದು ಕೇಳಿಕೊಳ್ಳುತ್ತ ಓದಿ. ಯಾಕೆಂದು ತಿಳಿಯದ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ಗುರುತು ಹಾಕಿ. ಒಂದು ಸಹಕಾರಿ ಸಂಘದ ಸರ್ವರಿನಲ್ಲಿ ಒಳಗಿನ ಉತ್ತರಕ್ಕೆ ಕಾಯುವ ಮಿತಿ, ಅಂದರೆ ರೀಡ್ ಟೈಮ್‌ಔಟ್, 600 ಸೆಕೆಂಡ್ ಎಂದು ಒಂದೇ ಒಂದು ಲೊಕೇಶನ್‌ಗೆ (ಸೈಟಿನ ಒಂದು ದಾರಿಗೆ) ಬರೆದಿತ್ತು. ಪ್ರಾಕ್ಸಿಯ ಮಾಮೂಲಿ ಮಿತಿ 60 ಸೆಕೆಂಡ್. ಕೇಳಿ ನೋಡಿದರೆ, ಮಾರ್ಚ್ ಕೊನೆಗೆ ಬಡ್ಡಿ ಲೆಕ್ಕ ಹಾಕುವ ವರದಿ ಅದೇ ದಾರಿಯಲ್ಲಿ ಬರುತ್ತಿತ್ತು, ಅದಕ್ಕೆ ಏಳೆಂಟು ನಿಮಿಷ ಹಿಡಿಯುತ್ತಿತ್ತು. ಆ ಸಾಲು ಕಸವೆಂದು ಬಿಟ್ಟಿದ್ದರೆ ವರ್ಷದಲ್ಲಿ ಹನ್ನೊಂದು ತಿಂಗಳು ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ ಈಗಲೇ ಮಾಡಿ. ಹಳೆ ಸರ್ವರಿನಲ್ಲೇ ಸಣ್ಣ ಟಿ ಕೊಟ್ಟು ನೋಡಿ, ಪಾಸಾಗುತ್ತದೆಯೇ? ಕಾನ್ಫಿಗರೇಶನ್ ತಪ್ಪಿದ್ದಾಗ ರೀಲೋಡ್ ಮಾಡಿದರೆ ಎಂಜಿನ್‌ಎಕ್ಸ್ ಹಳೆಯ ಸರಿಯಾದ ಪ್ರತಿಯನ್ನೇ ಇಟ್ಟುಕೊಂಡು ಓಡುತ್ತಿರುತ್ತದೆ. ಸೈಟ್ ನಡೆಯುತ್ತಿದೆಯಲ್ಲ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಆರು ತಿಂಗಳ ನಂತರ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು, ಯಂತ್ರ ಮರಳಿ ಏಳುವಾಗ ಪ್ರಾಕ್ಸಿ ಏಳುವುದಿಲ್ಲ. ಮುರಿದ ಫೈಲನ್ನು ಹೊಸ ಆವೃತ್ತಿಗೆ ಒಯ್ದು, ದೋಷ ಹೊಸ ಆವೃತ್ತಿಯದೆಂದು ದಿನವಿಡೀ ಹುಡುಕಿದವರನ್ನು ನೋಡಿದ್ದೇನೆ.

ನಿಮ್ಮ ಬಾಗಿಲಿಗೆ ಯಾರು ಯಾರು ಬರುತ್ತಾರೆ?

ಈ ಲೇಖನ ಬರೆಯಲು ಕೂತದ್ದೇ ಈ ಭಾಗಕ್ಕಾಗಿ.

ಸಕ್ಕರೆ ಕಾರ್ಖಾನೆಯ ಪ್ರಾಕ್ಸಿಯನ್ನು ನಾನು ಬೇಸಿಗೆಯಲ್ಲಿ ದಾಟಿಸಿದೆ. ಕಬ್ಬು ನುರಿಸುವ ಹಂಗಾಮು ಮುಗಿದಿತ್ತು, ಆಫೀಸಿನಲ್ಲಿ ಗದ್ದಲವಿರಲಿಲ್ಲ. ಲಾಗ್ ತೆಗೆದು ಎರಡು ವಾರದ ವಿನಂತಿಗಳನ್ನು ನೋಡಿದೆ: ಆಫೀಸಿನ ಬ್ರೌಸರುಗಳು, ರೈತರು ಬಿಲ್ ನೋಡಲು ಬಳಸುವ ಮೊಬೈಲ್ ಪುಟ, ಬ್ಯಾಂಕಿಗೆ ಹೋಗುವ ಒಂದು ಫೈಲ್. ಎಲ್ಲವನ್ನೂ ಹೊಸ ಸರ್ವರಿನಲ್ಲಿ ಪರೀಕ್ಷಿಸಿದೆ, ಎಲ್ಲವೂ 200, ಅಂದರೆ ಸರಿ ಎಂಬ ಉತ್ತರ ಕೊಟ್ಟವು. ಕೆಲಸ ಮುಗಿಯಿತೆಂದು ಬಂದೆ.

ಹಂಗಾಮು ಶುರುವಾದ ಮೊದಲ ದಿನ ಬೆಳಗ್ಗೆ ಕಬ್ಬಿನ ಗಾಡಿ ತೂಗುವ ಕಾಟಾದಿಂದ ಫೋನ್ ಬಂತು. “ಸರ್, ಕಾಟಾದ್ದು ತೂಕ ಆಫೀಸಿಗೆ ಹೋಗವಲ್ದ್ರೀ. ಚೀಟಿ ಕೈಲೇ ಬರ್ಯಾಕತ್ತೀನಿ. ಟ್ರ್ಯಾಕ್ಟರ್ ಗೇಟಿನ ಹೊರಗ ರೋಡಿನತನಾ ನಿಂತಾವ್ರೀ.” ಎರಡೆರಡು ಟ್ರೇಲರ್ ಎಳೆದುಕೊಂಡು ರಾತ್ರಿಯೆಲ್ಲ ಬಂದ ಗಾಡಿಗಳು. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ಬೀಳುವುದು ರೈತನ ತಲೆಯ ಮೇಲೆ. ಅದನ್ನು ನೆನೆಸಿಕೊಂಡರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಹೋಗಿ ನೋಡಿದೆ. ಆಕ್ಸೆಸ್ ಲಾಗ್‌ನಲ್ಲಿ ಕಾಟಾದ ಐಪಿಯಿಂದ ಬಂದ ಪ್ರತಿ ವಿನಂತಿಗೂ 400, ಅಂದರೆ ವಿನಂತಿಯೇ ತಪ್ಪು ಎಂಬ ಉತ್ತರ. ಎರರ್ ಲಾಗ್ ಖಾಲಿ. ಎರರ್ ಲಾಗ್‌ನ ಮಟ್ಟವನ್ನು ಇನ್ಫೋ ಎಂದು ಬದಲಿಸಿ ರೀಲೋಡ್ ಮಾಡಿದ ಮೇಲೆ ಕಾರಣ ಕಣ್ಣಿಗೆ ಬಿತ್ತು: ಕ್ಲೈಂಟ್ ಕಳಿಸಿದ ಹೆಡರ್ ಸಾಲು (ವಿನಂತಿಯ ಆರಂಭದಲ್ಲಿ ಬರುವ ವಿವರದ ಸಾಲು) ಅಮಾನ್ಯ. ತೂಕದ ಯಂತ್ರಕ್ಕೆ ಅಂಟಿಸಿದ ಪುಟ್ಟ ಪೆಟ್ಟಿಗೆಯೊಂದು ಪ್ರತಿ ತೂಕವನ್ನು ಎಚ್‌ಟಿಟಿಪಿಯಲ್ಲಿ ಕಳಿಸುತ್ತದೆ. ಅದನ್ನು ಮಾಡಿದವರು ಕಾಟಾ ಸಂಖ್ಯೆ ತಿಳಿಸುವ ಹೆಡರಿನ ಹೆಸರಿನಲ್ಲಿ ಎರಡು ಪದಗಳ ನಡುವೆ ಒಂದು ಖಾಲಿ ಜಾಗ ಬಿಟ್ಟಿದ್ದರು. ಹೆಡರಿನ ಹೆಸರಿನಲ್ಲಿ ಖಾಲಿ ಜಾಗ ಇರಬಾರದು ಎಂಬುದು ಎಚ್‌ಟಿಟಿಪಿಯ ನಿಯಮ. 1.18 ಆವೃತ್ತಿ ಅಂಥ ಸಾಲನ್ನು ಸದ್ದಿಲ್ಲದೆ ಬಿಟ್ಟು, ಉಳಿದ ವಿನಂತಿಯನ್ನು ಒಳಗೆ ಕಳಿಸುತ್ತಿತ್ತು. 1.21.1 ರಿಂದ ಎಂಜಿನ್‌ಎಕ್ಸ್ ಇಡೀ ವಿನಂತಿಯನ್ನೇ 400 ಕೊಟ್ಟು ತಿರಸ್ಕರಿಸುತ್ತದೆ. ಇದನ್ನು ಸಡಿಲಿಸಲು ಕಾನ್ಫಿಗರೇಶನ್‌ನಲ್ಲಿ ಯಾವ ಸಾಲೂ ಇಲ್ಲ. ಇನ್ವ್ಯಾಲಿಡ್ ಹೆಡರ್ಸ್ ಕುರಿತ ಹಳೆಯ ಆದೇಶ ಈಗಲೂ ಇದೆ, ಆದರೆ ಖಾಲಿ ಜಾಗದ ವಿಷಯದಲ್ಲಿ ಅದು ನಡೆಯುವುದಿಲ್ಲ.

ಹಳೆ ಸರ್ವರಿನ ವರ್ಚುವಲ್ ಮಶೀನನ್ನು ಅಳಿಸಿರಲಿಲ್ಲ, ನಿಲ್ಲಿಸಿ ಇಟ್ಟಿದ್ದೆ. ಅದನ್ನು ಎಬ್ಬಿಸಿ, ಹೊರಗಿನ ಜಾಲದಿಂದ ಕತ್ತರಿಸಿ, ಕಾಟಾದ ಪೆಟ್ಟಿಗೆಯಲ್ಲಿ ಆ ಐಪಿ ಬರೆದೆ. ಅರ್ಧ ಗಂಟೆಯಲ್ಲಿ ತೂಕಗಳು ಆಫೀಸಿಗೆ ಬರತೊಡಗಿದವು. ಮುಂದಿನ ವಾರ ಪೆಟ್ಟಿಗೆಯವರು ಬಂದು ಫರ್ಮ್‌ವೇರ್ ಸರಿಮಾಡಿಕೊಟ್ಟರು.

ತಪ್ಪು ಆದದ್ದು ಬೇಸಿಗೆಯಲ್ಲಿ ಎರಡೇ ವಾರದ ಲಾಗ್ ನೋಡಿದ್ದರಲ್ಲಿ. ಉಬುಂಟು, ಡೆಬಿಯನ್‌ಗಳಲ್ಲಿ ಲಾಗ್‌ರೊಟೇಟ್ ಎಂಜಿನ್‌ಎಕ್ಸ್ ಲಾಗ್‌ಗಳನ್ನು ದಿನಕ್ಕೊಂದರಂತೆ 14 ಮಾತ್ರ ಉಳಿಸಿಕೊಂಡು ಹಿಂದಿನದನ್ನು ಅಳಿಸುತ್ತದೆ. ನಮ್ಮ ಕಡೆಯ ಕೆಲಸಗಳೋ ವರ್ಷದ ಲೆಕ್ಕದವು. ಕಾಟಾ ಅಕ್ಟೋಬರ್, ನವೆಂಬರ್‌ಗೆ ಏಳುತ್ತದೆ. ಕಾಲೇಜಿಗೆ ಪರೀಕ್ಷಾ ಶುಲ್ಕ ತುಂಬುವ ವಾರ ವರ್ಷಕ್ಕೆ ಎರಡು ಸಲ. ಸಹಕಾರಿ ಸಂಘಕ್ಕೆ ಮಾರ್ಚ್ 31. ವಿಜಯಪುರದ ಒಣದ್ರಾಕ್ಷಿ ವ್ಯಾಪಾರದವರಿಗೆ ಬೇಸಿಗೆ.

ಆದ್ದರಿಂದ ದಾಟುವ ಯೋಚನೆ ಬಂದ ದಿನವೇ ಹಳೆ ಸರ್ವರಿನಲ್ಲಿ ಮೂರು ಕೆಲಸ ಮಾಡಿ. ಲಾಗ್‌ರೊಟೇಟ್ ಫೈಲಿನಲ್ಲಿ 14 ಅನ್ನು 400 ಮಾಡಿ. ಸಂಕುಚಿತ ಲಾಗ್ ಹೆಚ್ಚು ಜಾಗ ತಿನ್ನುವುದಿಲ್ಲ, ಆದರೂ ಡಿಸ್ಕ್ ಒಮ್ಮೆ ನೋಡಿಕೊಳ್ಳಿ. ಎರಡನೆಯದು, ಲಾಗ್ ಫಾರ್ಮ್ಯಾಟಿನಲ್ಲಿ ಹೋಸ್ಟ್, ಯೂಸರ್ ಏಜೆಂಟ್, ಎಚ್‌ಟಿಟಿಪಿ ಆವೃತ್ತಿ, ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೊಳಿಸುವ ವ್ಯವಸ್ಥೆ) ಆವೃತ್ತಿ ಇವಿಷ್ಟೂ ಬರುವಂತೆ ಮಾಡಿ. ಮೂರನೆಯದು, ಎರರ್ ಲಾಗ್‌ನ ಮಟ್ಟವನ್ನು ಇನ್ಫೋಗೆ ಇಳಿಸಿ. 1.18 ಕೂಡ ತಾನು ಬಿಟ್ಟುಬಿಡುವ ಅಮಾನ್ಯ ಹೆಡರುಗಳನ್ನು ಈ ಮಟ್ಟದಲ್ಲಿ ಬರೆದಿಡುತ್ತದೆ. ನಾನು ಇದೊಂದನ್ನು ಹಂಗಾಮು ಮುಗಿಯುವ ಮೊದಲೇ ಮಾಡಿದ್ದರೆ ಆ ಪೆಟ್ಟಿಗೆ ಅಲ್ಲೇ ಸಿಗುತ್ತಿತ್ತು.

ವರ್ಷ ಕಾಯಲು ಆಗದಿದ್ದರೆ ಜನರನ್ನು ಕೇಳಿ. ಕಂಪ್ಯೂಟರ್ ಕೋಣೆಯವರನ್ನಷ್ಟೇ ಕೇಳಿದರೆ ಸಾಲದು. ಗೇಟಿನವರು, ಕಾಟಾದವರು, ಲ್ಯಾಬಿನವರು, ಲೆಕ್ಕದವರು, ಒಬ್ಬೊಬ್ಬರ ಹತ್ತಿರ ನಿಂತು, “ನಿಮ್ಮ ಯಂತ್ರ ಆಫೀಸಿಗೆ ಏನಾದರೂ ಕಳಿಸುತ್ತದೆಯೇ, ಯಾವಾಗ?” ಎಂದು ಕೇಳಿ ಬರೆದುಕೊಳ್ಳಿ. ಹಾಜರಾತಿ ಯಂತ್ರ, ಕ್ಯಾಮೆರಾ ರೆಕಾರ್ಡರ್, ತೂಕದ ಪೆಟ್ಟಿಗೆ, ಹಳೆಯ ಬಾರ್‌ಕೋಡ್ ಗನ್, ಇಂಥವೇ ನಿಯಮ ಮೀರಿ ಮಾತಾಡುವವು. ಕಂಟೆಂಟ್ ಲೆಂತ್ ಮತ್ತು ಟ್ರಾನ್ಸ್‌ಫರ್ ಎನ್‌ಕೋಡಿಂಗ್ ಎರಡನ್ನೂ ಒಟ್ಟಿಗೆ ಕಳಿಸುವ ಯಂತ್ರಗಳಿಗೂ 1.21.1 ರಿಂದ ಇದೇ 400 ಕಾದಿದೆ. ಎಂಜಿನ್‌ಎಕ್ಸ್ ಹೀಗೆ ಬಿಗಿಯಾದದ್ದು ಸರಿಯೇ. ಇಂಥ ಅಸ್ಪಷ್ಟ ವಿನಂತಿಯನ್ನು ಪ್ರಾಕ್ಸಿ ಒಂದು ರೀತಿ, ಒಳಗಿನ ಅಪ್ಲಿಕೇಶನ್ ಇನ್ನೊಂದು ರೀತಿ ಅರ್ಥ ಮಾಡಿಕೊಂಡರೆ, ಆ ಸಂದಿಯಲ್ಲಿ ಕಳ್ಳ ವಿನಂತಿ ತೂರಿಸಲು ದಾರಿಯಾಗುತ್ತದೆ.

ಬದಲಾಯಿಸಬೇಕಾದ ಸಾಲುಗಳು

ಎಸ್‌ಎಸ್‌ಎಲ್ ಆನ್: ಸರ್ವರ್ ಬ್ಲಾಕಿನೊಳಗೆ (ಒಂದು ಸೈಟಿನ ಸಾಲುಗಳ ಕಟ್ಟಿನೊಳಗೆ) ಹೀಗೆ ಬರೆಯುವ ಪದ್ಧತಿ ಹಳೆಯದು. 1.15ರಲ್ಲೇ ಇದು ಬೇಡವೆಂದು ಎಚ್ಚರಿಕೆ ಶುರುವಾಗಿತ್ತು, 1.25.1ರಲ್ಲಿ ಆದೇಶವನ್ನೇ ತೆಗೆದರು. ಹೊಸ ಆವೃತ್ತಿಯಲ್ಲಿ ಇದಿದ್ದರೆ ಅಪರಿಚಿತ ಆದೇಶವೆಂದು ಪ್ರಾಕ್ಸಿ ಏಳುವುದೇ ಇಲ್ಲ. ಸಾಲನ್ನು ಅಳಿಸಿ, ಲಿಸನ್ 443ರ ನಂತರ ಅದೇ ಸಾಲಿನಲ್ಲಿ ಎಸ್‌ಎಸ್‌ಎಲ್ ಎಂದು ಸೇರಿಸಿ.

ಎಚ್‌ಟಿಟಿಪಿ2: ಇಲ್ಲಿ ಹೆಚ್ಚು ಜನ ಎಡವುತ್ತಾರೆ. ಹಳೆಯ ರೀತಿಯಲ್ಲಿ ಲಿಸನ್ 443 ಎಸ್‌ಎಸ್‌ಎಲ್ ಎಚ್‌ಟಿಟಿಪಿ2 ಎಂದು ಒಂದೇ ಸಾಲಿನಲ್ಲಿ ಬರೆಯುತ್ತಿದ್ದೆವು. 1.25.1 ರಿಂದ ಎಚ್‌ಟಿಟಿಪಿ2 ಆನ್ ಎಂಬ ಬೇರೆಯದೇ ಸಾಲು ಬಂದಿದೆ. ಹಳೆಯ ರೀತಿ 1.28ರಲ್ಲಿ ಇನ್ನೂ ನಡೆಯುತ್ತದೆ, ಎಚ್ಚರಿಕೆ ಮಾತ್ರ ಬರುತ್ತದೆ. ಹೊಸ ರೀತಿಯನ್ನು ಉಬುಂಟು 24.04ರ 1.24ರಲ್ಲಿ ಬರೆದರೆ ಮಾತ್ರ ಅಪರಿಚಿತ ಆದೇಶವೆಂದು ನಿಂತುಬಿಡುತ್ತದೆ. ಯಾವ ಆವೃತ್ತಿಗೆ ಹೋಗುತ್ತೀರಿ ಎಂದು ಮೊದಲೇ ಕೇಳಿದ್ದು ಇದಕ್ಕೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಿಸನ್ ಸಾಲಿನ ಎಚ್‌ಟಿಟಿಪಿ2, ಆ ಐಪಿ ಮತ್ತು ಪೋರ್ಟ್ ಹಂಚಿಕೊಂಡ ಎಲ್ಲ ಸೈಟುಗಳಿಗೂ ಅನ್ವಯಿಸುತ್ತಿತ್ತು. ಹತ್ತು ಸೈಟಿನಲ್ಲಿ ಒಂದರ ಫೈಲಿನಲ್ಲಿ ಬರೆದಿದ್ದರೂ ಹತ್ತಕ್ಕೂ ಸಿಗುತ್ತಿತ್ತು. ಹೊಸ ಆದೇಶ ಸರ್ವರ್ ಬ್ಲಾಕಿಗೆ ಸೀಮಿತ. ಆ ಒಂದು ಫೈಲನ್ನಷ್ಟೇ ತಿದ್ದಿದರೆ ಉಳಿದ ಒಂಬತ್ತು ಸೈಟು ಸದ್ದಿಲ್ಲದೆ ಎಚ್‌ಟಿಟಿಪಿ 1.1ಕ್ಕೆ ಇಳಿಯುತ್ತವೆ. ಎಲ್ಲಕ್ಕೂ ಬೇಕಿದ್ದರೆ ಎಚ್‌ಟಿಟಿಪಿ ಬ್ಲಾಕಿನಲ್ಲೇ ಒಮ್ಮೆ ಬರೆಯಿರಿ.

ಎಚ್‌ಟಿಟಿಪಿ2ರ ಹಳೆಯ ಮಿತಿಗಳು: ರಿಸೀವ್ ಟೈಮ್‌ಔಟ್, ಐಡಲ್ ಟೈಮ್‌ಔಟ್, ಮ್ಯಾಕ್ಸ್ ರಿಕ್ವೆಸ್ಟ್ಸ್ ಎಂದು ಎಚ್‌ಟಿಟಿಪಿ2ರಿಂದ ಶುರುವಾಗುವ ಆದೇಶಗಳು 1.19.7ರಲ್ಲಿ ಹೋದವು. ಬದಲಿಗೆ ಕೀಪ್‌ಅಲೈವ್ ಟೈಮ್‌ಔಟ್, ಕೀಪ್‌ಅಲೈವ್ ರಿಕ್ವೆಸ್ಟ್ಸ್. ಹೆಡರಿನ ಗಾತ್ರದ ಮಿತಿಗೆ ಲಾರ್ಜ್ ಕ್ಲೈಂಟ್ ಹೆಡರ್ ಬಫರ್ಸ್. ಕೀಪ್‌ಅಲೈವ್ ರಿಕ್ವೆಸ್ಟ್ಸ್‌ನ ಮಾಮೂಲಿ ಬೆಲೆ 1.19.10ರಲ್ಲಿ 100 ರಿಂದ 1000ಕ್ಕೆ ಏರಿದೆ. ಸರ್ವರ್ ಪುಶ್ ಸಾಲುಗಳಿದ್ದರೆ ತೆಗೆದುಬಿಡಿ, ಆ ಸೌಲಭ್ಯವೇ ಈಗಿಲ್ಲ.

ಸ್ಟೇಪ್ಲಿಂಗ್: ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಬಳಸುವವರು ಎಸ್‌ಎಸ್‌ಎಲ್ ಸ್ಟೇಪ್ಲಿಂಗ್ ಸಾಲುಗಳನ್ನು ಅಳಿಸಬಹುದು. ಅವರು 2025ರ ಆಗಸ್ಟ್‌ನಲ್ಲಿ ಈ ಸಾಲುಗಳು ನೆಚ್ಚಿಕೊಂಡ ಒಸಿಎಸ್‌ಪಿ ಸೇವೆಯನ್ನು (ಪ್ರಮಾಣಪತ್ರ ರದ್ದಾಗಿದೆಯೇ ಎಂದು ತಿಳಿಸುವ ಸೇವೆ) ನಿಲ್ಲಿಸಿದರು. ಸಾಲು ಉಳಿಸಿಕೊಂಡರೆ ಪ್ರತಿ ರೀಲೋಡಿಗೂ ಎಚ್ಚರಿಕೆ ಬಂದು, ಓದಬೇಕಾದ ಎಚ್ಚರಿಕೆ ಅದರ ನಡುವೆ ಮುಚ್ಚಿಹೋಗುತ್ತದೆ.

ಟಿಎಲ್‌ಎಸ್: 1.27.3 ರಿಂದ ಏನೂ ಬರೆಯದಿದ್ದರೆ ಟಿಎಲ್‌ಎಸ್ 1.2 ಮತ್ತು 1.3 ಮಾತ್ರ. ಹಾಗೇ ಬಿಡಿ. ಲಾಗ್‌ನಲ್ಲಿ 1.0 ಬಳಸುವ ಯಂತ್ರ ಕಂಡರೆ, ಅದನ್ನು ಒಳಜಾಲದಲ್ಲೇ ಬೇರೆ ದಾರಿಯಿಂದ ತನ್ನಿ. ಎಲ್ಲರಿಗಾಗಿ ಬಾಗಿಲ ಬೀಗ ಸಡಿಲಿಸಬೇಡಿ.

ಪ್ರಾಕ್ಸಿ ಪಾಸ್ ಸಾಲಿನ ಕೊನೆಯ ಸ್ಲ್ಯಾಶ್ ವಿಷಯದಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಆದರೆ ಫೈಲ್ ಅಚ್ಚುಕಟ್ಟು ಮಾಡಹೋಗಿ ಅದನ್ನು ಸೇರಿಸುವವರು, ಅಳಿಸುವವರು ಬಹಳ. ಸ್ಲ್ಯಾಶ್ ಇದ್ದರೆ ಲೊಕೇಶನ್‌ನ ಹೆಸರು ಕತ್ತರಿಸಿಹೋಗಿ ಉಳಿದ ಭಾಗ ಮಾತ್ರ ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಇಡೀ ದಾರಿ ಹಾಗೇ ಹೋಗುತ್ತದೆ. ಹೇಗಿದೆಯೋ ಹಾಗೆ ನಕಲಿಸಿ. ಸೆಟ್ ಹೆಡರ್ ಸಾಲುಗಳದ್ದೂ ಇದೇ ಕಥೆ. ಹೊರಗಿನ ಬ್ಲಾಕಿನಲ್ಲಿ ಹೋಸ್ಟ್, ರಿಯಲ್ ಐಪಿ, ಫಾರ್ವರ್ಡೆಡ್ ಫಾರ್, ಫಾರ್ವರ್ಡೆಡ್ ಪ್ರೋಟೋ ನಾಲ್ಕೂ ಬರೆದು, ಒಳಗಿನ ಲೊಕೇಶನ್‌ನಲ್ಲಿ ಹೊಸದೊಂದು ಸೇರಿಸಿದರೆ ಹೊರಗಿನ ನಾಲ್ಕೂ ಆ ಲೊಕೇಶನ್‌ಗೆ ಇಳಿಯುವುದಿಲ್ಲ. ಒಳಗೆ ಮತ್ತೆ ಐದನ್ನೂ ಬರೆಯಬೇಕು. ಅಪ್ಲಿಕೇಶನ್ ಲಾಗ್‌ನಲ್ಲಿ ಎಲ್ಲರ ಐಪಿಯೂ 127.0.0.1 ಎಂದು ಕಂಡರೆ ಇಲ್ಲೇ ನೋಡಿ.

1.27.3 ರಿಂದ ಒಂದು ಅನುಕೂಲವೂ ಬಂದಿದೆ. ಅಪ್‌ಸ್ಟ್ರೀಮ್‌ನಲ್ಲಿ (ಒಳಗಿನ ಅಪ್ಲಿಕೇಶನ್ ಯಂತ್ರಗಳ ಪಟ್ಟಿಯಲ್ಲಿ) ಬರೆದ ಹೆಸರಿನ ಐಪಿಯನ್ನು ಎಂಜಿನ್‌ಎಕ್ಸ್ ಏಳುವಾಗ ಒಮ್ಮೆ ಮಾತ್ರ ಕೇಳಿ ತಿಳಿದುಕೊಳ್ಳುತ್ತಿತ್ತು, ಒಳಗಿನ ಯಂತ್ರದ ಐಪಿ ಬದಲಾದರೆ ರೀಲೋಡ್ ಮಾಡಬೇಕಿತ್ತು. ಈಗ ಉಚಿತ ಆವೃತ್ತಿಯಲ್ಲೂ ರಿಸಾಲ್ವ್ ಎಂಬ ಪದ ಸೇರಿಸಿ, ಜೊತೆಗೆ ರಿಸಾಲ್ವರ್ ಮತ್ತು ಝೋನ್ ಸಾಲು ಬರೆದರೆ ತಾನೇ ಆಗಾಗ ಕೇಳಿಕೊಳ್ಳುತ್ತದೆ. ಆದರೆ ದಾಟುವ ದಿನ ಹೊಸ ಸೌಲಭ್ಯ ಯಾವುದನ್ನೂ ಹಾಕಬೇಡಿ. ಮೊದಲು ಇದ್ದದ್ದು ಇದ್ದ ಹಾಗೆ ದಾಟಲಿ.

ಪ್ಯಾಕೇಜ್ ಬದಲಾದಾಗ ಬದಲಾಗುವ ಮನೆಯ ನಕ್ಷೆ

ಡಿಸ್ಟ್ರೋದ ಪ್ಯಾಕೇಜಿನಿಂದ ಎಂಜಿನ್‌ಎಕ್ಸ್‌ನವರ ಪ್ಯಾಕೇಜಿಗೆ ಹೋದರೆ ಫೋಲ್ಡರುಗಳೇ ಬೇರೆ. ಸೈಟ್ಸ್ ಎನೇಬಲ್ಡ್ ಇರುವುದಿಲ್ಲ, ಕಾನ್ಫ್ ಡಾಟ್ ಡಿ ಮಾತ್ರ ಇರುತ್ತದೆ. ಸ್ನಿಪೆಟ್ಸ್ ಫೋಲ್ಡರ್, ಪ್ರಾಕ್ಸಿ ಪ್ಯಾರಮ್ಸ್ ಫೈಲ್ ಕೂಡ ಬರುವುದಿಲ್ಲ. ನೀವು ಅವನ್ನು ಇನ್‌ಕ್ಲೂಡ್ ಮಾಡಿಕೊಂಡಿದ್ದರೆ ಕೈಯಾರೆ ಒಯ್ಯಬೇಕು. ಕೆಲಸಗಾರ ಪ್ರಕ್ರಿಯೆ ಓಡುವ ಬಳಕೆದಾರನ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಇದ್ದದ್ದು ಎಂಜಿನ್‌ಎಕ್ಸ್ ಎಂದಾಗುತ್ತದೆ. ಪಿಎಚ್‌ಪಿಯ ಸಾಕೆಟ್ ಫೈಲ್ ಹಳೆಯ ಬಳಕೆದಾರನ ಒಡೆತನದಲ್ಲಿದ್ದರೆ ಎಲ್ಲ ಪುಟಗಳೂ 502. ಎರರ್ ಲಾಗ್‌ನಲ್ಲಿ ಪರ್ಮಿಶನ್ ಡಿನೈಡ್ ಎಂದಿರುತ್ತದೆ. ಎಂಜಿನ್‌ಎಕ್ಸ್ ಬಳಕೆದಾರನನ್ನು ಆ ಗುಂಪಿಗೆ ಸೇರಿಸಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ಹಳೆಯ ಡೈನಾಮಿಕ್ ಮಾಡ್ಯೂಲುಗಳನ್ನು ನಕಲಿಸಬೇಡಿ. ಅವು ತಮ್ಮ ಆವೃತ್ತಿಗೆ ಮಾತ್ರ ಹೊಂದುತ್ತವೆ, ಹೊಸದರಲ್ಲಿ ಬೈನರಿ ಹೊಂದುವುದಿಲ್ಲವೆಂದು ಎಂಜಿನ್‌ಎಕ್ಸ್ ಏಳುವುದಿಲ್ಲ. ಕಾನ್ಫ್ ಡಾಟ್ ಡಿಯಲ್ಲಿ ತಾನೇ ಬಂದು ಕೂತಿರುವ ಡೀಫಾಲ್ಟ್ ಫೈಲನ್ನು ತೆಗೆಯಿರಿ. ಹೆಸರಿಲ್ಲದೆ ಬರೀ ಐಪಿಗೆ ಬರುವ ಯಂತ್ರಗಳು ಡೀಫಾಲ್ಟ್ ಸರ್ವರಿಗೆ ಹೋಗಿ ಬೀಳುತ್ತವೆ. ನೀವು ಯಾವುದನ್ನೂ ಗುರುತಿಸದಿದ್ದರೆ ಆ ಪೋರ್ಟಿನಲ್ಲಿ ಮೊದಲು ಓದಿದ ಸರ್ವರ್ ಬ್ಲಾಕೇ ಡೀಫಾಲ್ಟ್, ಫೈಲುಗಳನ್ನು ಓದುವುದು ಹೆಸರಿನ ಅಕ್ಷರ ಕ್ರಮದಲ್ಲಿ. ಫೋಲ್ಡರ್ ಬದಲಾಗಿ ಫೈಲಿನ ಹೆಸರು ಬದಲಾದರೆ ಡೀಫಾಲ್ಟ್ ಕೂಡ ಬದಲಾಗುತ್ತದೆ. ಲಿಸನ್ ಸಾಲಿನಲ್ಲಿ ಡೀಫಾಲ್ಟ್ ಸರ್ವರ್ ಎಂದು ನೀವೇ ಬರೆದುಬಿಡಿ.

ಪಕ್ಕದಲ್ಲಿ ಕಟ್ಟಿ, ಆಮೇಲೆ ಒಕ್ಕಲೆಬ್ಬಿಸಿ

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆಗಳು ಹೋಗುವಾಗ ಊರಿನವರು ಸೆಕ್ಟರುಗಳ ಈ ನವನಗರಕ್ಕೆ ಬಂದರು. ಅಂಗಡಿ ಸ್ಥಳಾಂತರವಾಗಿದೆ ಎಂದು ಹಳೆಯ ಬಾಗಿಲಿಗೆ ಬರೆದು ಬಂದವರು ಎಷ್ಟೋ ಮಂದಿ, ಗಿರಾಕಿಗಳು ಹಳೆಯ ವಿಳಾಸಕ್ಕೇ ಹೋಗುತ್ತಾರೆಂದು ಅವರಿಗೆ ಗೊತ್ತಿತ್ತು. ಸರ್ವರಿಗೂ ಇದೇ ಕ್ರಮ ಒಳ್ಳೆಯದು. ಓಡುತ್ತಿರುವ ಯಂತ್ರದ ಮೇಲೇ ಆವೃತ್ತಿ ಏರಿಸಬೇಡಿ. ಹೊಸ ವರ್ಚುವಲ್ ಮಶೀನ್ ಮಾಡಿ, ಅಲ್ಲಿ ಹೊಸ ಎಂಜಿನ್‌ಎಕ್ಸ್ ಹಾಕಿ, ತಿದ್ದಿದ ಕಾನ್ಫಿಗರೇಶನ್ ಇಡಿ.

ಪ್ರಮಾಣಪತ್ರಗಳನ್ನು ಒಯ್ಯುವಾಗ ಎಚ್ಚರ. ಪ್ರಮಾಣಪತ್ರ ತಂದು ನವೀಕರಿಸುವ ಸರ್ಟ್‌ಬಾಟ್‌ನ ಲೈವ್ ಫೋಲ್ಡರಿನಲ್ಲಿರುವುದು ಬರೀ ಸಿಂಬಾಲಿಕ್ ಲಿಂಕುಗಳು, ನಿಜವಾದ ಫೈಲುಗಳು ಆರ್ಕೈವ್ ಫೋಲ್ಡರಿನಲ್ಲಿವೆ. ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರನ್ನು ಪೂರ್ತಿಯಾಗಿ, ಲಿಂಕುಗಳು ಲಿಂಕುಗಳಾಗಿಯೇ ಉಳಿಯುವಂತೆ ಆರ್‌ಸಿಂಕ್‌ನ ಎ ಆಯ್ಕೆ ಹಾಕಿ ನಕಲಿಸಿ. ಡಿಎನ್‌ಎಸ್ ಇನ್ನೂ ಹಳೆಯದನ್ನು ತೋರಿಸುತ್ತಿರುವಾಗ ಹೊಸದರಲ್ಲಿ ಎಚ್‌ಟಿಟಿಪಿ ಮೂಲಕ ನವೀಕರಣ ಆಗುವುದಿಲ್ಲ. ಹಾಗಾಗಿ ಪ್ರಮಾಣಪತ್ರಕ್ಕೆ ಕನಿಷ್ಠ ಒಂದು ತಿಂಗಳು ಆಯುಷ್ಯ ಉಳಿದಿರುವಾಗಲೇ ದಾಟಿ.

ಪರೀಕ್ಷೆಗೆ, ಆಜ್ಞಾ ಸಾಲಿನಿಂದ ವಿನಂತಿ ಕಳಿಸುವ ಕರ್ಲ್‌ನ ರಿಸಾಲ್ವ್ ಆಯ್ಕೆ ಸಾಕು. ಡೊಮೇನ್ ಹೆಸರು ಅದೇ ಇಟ್ಟು, ಐಪಿ ಮಾತ್ರ ಹೊಸದನ್ನು ಕೊಡಬಹುದು, ಟಿಎಲ್‌ಎಸ್ ಸಹ ನಿಜವಾಗಿ ಪರೀಕ್ಷೆಯಾಗುತ್ತದೆ. ಹಳೆ ಲಾಗ್‌ನಿಂದ ಬೇರೆ ಬೇರೆ ವಿಳಾಸಗಳ ಪಟ್ಟಿ ತೆಗೆದು, ಬರೀ ಓದುವ ವಿನಂತಿಗಳನ್ನು ಹಳೆಯದಕ್ಕೂ ಹೊಸದಕ್ಕೂ ಕಳಿಸಿ, ಬಂದ ಸ್ಥಿತಿ ಸಂಖ್ಯೆಗಳನ್ನು ಎರಡು ಕಾಲಮ್ಮಿನಲ್ಲಿ ಅಕ್ಕಪಕ್ಕ ಇಡಿ. ವ್ಯತ್ಯಾಸ ಇರುವ ಸಾಲುಗಳನ್ನಷ್ಟೇ ನೋಡಿ. ಹಣ ಕಟ್ಟುವ, ಅರ್ಜಿ ಸಲ್ಲಿಸುವ ವಿನಂತಿಗಳನ್ನು ಹೀಗೆ ಮರುಕಳಿಸಬೇಡಿ, ದಾಖಲೆ ಎರಡೆರಡಾಗುತ್ತವೆ.

ಆದರೆ ಕರ್ಲ್ ಶಿಸ್ತಿನ ಕ್ಲೈಂಟ್. ಕಾಟಾದ ಪೆಟ್ಟಿಗೆಯಂಥವನ್ನು ಅದು ಅನುಕರಿಸುವುದಿಲ್ಲ. ಅದಕ್ಕೆ ಒಳಜಾಲದಲ್ಲಿ ಟಿಸಿಪಿಡಂಪ್‌ನಿಂದ ಆ ಯಂತ್ರ ಕಳಿಸುವ ಬೈಟುಗಳನ್ನು ಹಿಡಿದು ಫೈಲಿಗೆ ಇಳಿಸಿ. ಅದನ್ನು ಹಾಗೆಯೇ ನೆಟ್‌ಕ್ಯಾಟ್ ಮೂಲಕ ಹೊಸ ಸರ್ವರಿಗೆ ತಳ್ಳಿ. ಉತ್ತರ 400 ಬಂದರೆ ಕಾರಣ ಇನ್ಫೋ ಮಟ್ಟದ ಲಾಗ್‌ನಲ್ಲಿದೆ. ಹೋಸ್ಟ್ ಹೆಡರ್ ಓದುವ ಮೊದಲೇ ತಿರಸ್ಕಾರವಾದರೆ ಆ ದಾಖಲೆ ಸೈಟಿನ ಲಾಗ್‌ಗೆ ಬರದೆ ಡೀಫಾಲ್ಟ್ ಸರ್ವರಿನ ಲಾಗ್‌ಗೆ ಹೋಗುತ್ತದೆ, ಎರಡೂ ಕಡೆ ಹುಡುಕಿ.

ದಾಟುವ ರಾತ್ರಿ ಮತ್ತು ಮುಂದಿನ ದಿನಗಳು

ಎರಡು ದಿನ ಮೊದಲೇ ಡಿಎನ್‌ಎಸ್‌ನ ಟಿಟಿಎಲ್ (ಐಪಿಯನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ರಾತ್ರಿ ಐಪಿ ಬದಲಿಸಿದ ತಕ್ಷಣ ಹಳೆಯ ಎಂಜಿನ್‌ಎಕ್ಸ್‌ನಲ್ಲಿ ಎಲ್ಲ ಪ್ರಾಕ್ಸಿ ಪಾಸ್‌ಗಳನ್ನೂ ಹೊಸ ಸರ್ವರಿನ ಕಡೆ ತಿರುಗಿಸಿ. ಹಳೆಯ ಐಪಿ ನೆನಪಿಟ್ಟುಕೊಂಡವರೂ ಹೊಸ ಮನೆಗೇ ಬರುತ್ತಾರೆ. ಹೊಸದರಲ್ಲಿ ಸೆಟ್ ರಿಯಲ್ ಐಪಿ ಫ್ರಮ್ ಸಾಲಿಗೆ ಹಳೆ ಸರ್ವರಿನ ಐಪಿ ಬರೆದು, ರಿಯಲ್ ಐಪಿ ಹೆಡರ್ ಯಾವುದೆಂದು ತಿಳಿಸಿ. ಇಲ್ಲದಿದ್ದರೆ ಆ ದಾರಿಯಿಂದ ಬಂದವರೆಲ್ಲ ಒಬ್ಬರೇ ಎಂಬಂತೆ ಲಾಗ್ ಆಗಿ, ವಿನಂತಿ ಮಿತಿ ಹಾಕಿದ್ದರೆ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಬೆಳಗ್ಗೆ ಲಾಗ್‌ನಲ್ಲಿ ಸಂಖ್ಯೆಗಳನ್ನು ನೋಡಿ. 400 ಬಂದರೆ ಕ್ಲೈಂಟಿನ ಹೆಡರ್. 413 ಬಂದರೆ ಅಪ್‌ಲೋಡ್ ಮಿತಿಯ ಸಾಲು ದಾಟಿಲ್ಲ, ಏನೂ ಬರೆಯದಿದ್ದರೆ ಮಿತಿ 1 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ಪಹಣಿಯ ಒಂದು ಪುಟವೂ ಅದರಲ್ಲಿ ಹಿಡಿಯದಿರಬಹುದು. 502 ಬಂದರೆ ಒಳಗಿನ ಅಪ್ಲಿಕೇಶನ್ ತಲುಪುತ್ತಿಲ್ಲ, ಸಾಕೆಟ್ ಅನುಮತಿ ಅಥವಾ ಪೋರ್ಟ್ ನೋಡಿ. 504 ಬಂದರೆ ಟೈಮ್‌ಔಟ್ ಸಾಲು ತಪ್ಪಿಹೋಗಿದೆ. ಚಾಟ್, ಲೈವ್ ಪರದೆಗಳು ಪದೇ ಪದೇ ಕಡಿಯುತ್ತಿದ್ದರೆ ವೆಬ್‌ಸಾಕೆಟ್‌ಗೆ ಬೇಕಾದ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರುಗಳು, ಎಚ್‌ಟಿಟಿಪಿ ಆವೃತ್ತಿ 1.1ರ ಸಾಲು ಇವೆಯೇ ನೋಡಿ. ಮರುದಿನ ಸರ್ಟ್‌ಬಾಟ್ ನವೀಕರಣವನ್ನು ಡ್ರೈ ರನ್ ಮಾಡಿ, ಅಂದರೆ ಬರೀ ಪರೀಕ್ಷೆಗೆ ಓಡಿಸಿ ನೋಡಿ. ಹೊಸ ಯಂತ್ರವನ್ನು ಒಮ್ಮೆ ಬೇಕೆಂದೇ ರೀಬೂಟ್ ಮಾಡಿ, ಪ್ರಾಕ್ಸಿ ತಾನೇ ಏಳುತ್ತದೆಯೇ ಎಂದು ಕಣ್ಣಾರೆ ನೋಡಿ.

ತಿಂಗಳಾದ ಮೇಲೆ ಹಳೆಯ ಸರ್ವರಿನ ಆಕ್ಸೆಸ್ ಲಾಗ್ ತೆರೆಯಿರಿ. ಇನ್ನೂ ಯಾರು ಅದರ ಮೂಲಕ ಬರುತ್ತಿದ್ದಾರೋ ಅವರೇ ವಿಳಾಸ ಬದಲಿಸದ ಯಂತ್ರಗಳು. ಒಂದೊಂದನ್ನೇ ಹುಡುಕಿ ಹೊಸ ಐಪಿ ಬರೆದು ಬನ್ನಿ. ಲಾಗ್ ಖಾಲಿಯಾದ ಮೇಲೆ ಹಳೆಯದನ್ನು ನಿಲ್ಲಿಸಿ, ಅಳಿಸಬೇಡಿ. ಕಾರ್ಖಾನೆಯ ಹಳೆಯ ಮಶೀನನ್ನು ನಾವು ಇನ್ನೊಂದು ಪೂರ್ತಿ ಹಂಗಾಮು ಇಟ್ಟುಕೊಂಡೆವು. ಕೊನೆಯ ಗಾಡಿ ತೂಗಿ ಕಾಟಾದವರು ಯಂತ್ರದ ಮೇಲೆ ಹೊದಿಕೆ ಎಳೆದ ದಿನ, ಡಿಸ್ಕಿನ ಒಂದು ಪ್ರತಿ ತೆಗೆದಿಟ್ಟು ಅದನ್ನು ಅಳಿಸಿದೆ.